ಇಂಟರಪ್ಟ್ ಲೆಕ್ಕಗಳ ಪ್ರಾಮಾಣ್ಯ: ಒಂದು ವಿಮರ್ಶೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಇತಿಹಾಸವನ್ನು ಬರೆಯಹೊರಟವರು ಮೋಡಿ ಲಿಪಿಯ ಕಾಗದಪತ್ರಗಳನ್ನು ಓದದೆ ಬಹುದೂರ ಸಾಗುವಂತಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಗೆ ಮುನ್ನ ಇಲ್ಲಿಯ ಆಡಳಿತದಲ್ಲಿ ಮರಾಠಿಗಿದ್ದ ಸ್ಥಾನವೇ ಇದಕ್ಕೆ ಕಾರಣ. ಮನೆತನಗಳ ಗಂಟುಗಳಲ್ಲಿ ಉಳಿದಿರುವ ಇಂಥ ಪತ್ರಗಳನ್ನು ಸ್ಕ್ಯಾನ್ ಮಾಡಿಡುವ ಕೆಲಸವನ್ನು ನಾವು ಲಿನಕ್ಸ್ ಅಳವಡಿಸಿದ ಒಂದು ಹಳೆಯ ಗಣಕಯಂತ್ರದಲ್ಲಿ ನಡೆಸುತ್ತಿದ್ದೆವು. ಈ ಯಂತ್ರವು ತೊದಲತೊಡಗಿತು. ಮೌಸಿನ ಬಾಣ ತಡೆತಡೆದು ಜಿಗಿಯುವುದು. ಸ್ಕ್ಯಾನರು ಅರ್ಧ ಪುಟಕ್ಕೆ ನಿಲ್ಲುವುದು. ಜೀರ್ಣವಾದ ಕಾಗದವನ್ನು ಎರಡನೆಯ ಸಲ ಗಾಜಿನ ಮೇಲೆ ಹಾಸಿದರೆ ಅಂಚಿನ ಅಕ್ಷರಗಳು ಉದುರುತ್ತವೆ. ದುರಸ್ತಿಗೆ ಬಂದವರು ಇಂಟರಪ್ಟ್ ಹೊರೆ ಅತಿಯಾಗಿದೆಯೆಂದೂ ಯಂತ್ರ ಮುದಿಯಾಯಿತೆಂದೂ ತೀರ್ಪಿತ್ತರು. ಆ ತೀರ್ಪಿಗೆ ಆಧಾರವಾದ ದಾಖಲೆಯನ್ನು ಇಲ್ಲಿ ಪರೀಕ್ಷಿಸಿದೆ.

ಸಾಧನವೊಂದು ಪ್ರೊಸೆಸರಿನ ಕೈಗೆಲಸವನ್ನು ನಿಲ್ಲಿಸಿ ತನ್ನತ್ತ ನೋಡೆಂದು ಕೊಡುವ ಸೂಚನೆಯೇ ಇಂಟರಪ್ಟು. ಇದು ಹೊಸ ಸಮಸ್ಯೆಯಲ್ಲ. ಡೈಕ್‌ಸ್ಟ್ರಾ ಅವರು 1959ರ ತಮ್ಮ ಪ್ರಬಂಧದಲ್ಲಿಯೇ ಎಕ್ಸ್-1 ಯಂತ್ರದ ಇಂಟರಪ್ಟುಗಳನ್ನು ಕುರಿತು ಚರ್ಚಿಸಿದ್ದಾರೆ. ಲಿನಕ್ಸಿನಲ್ಲಿ 'ಪ್ರಾಕ್' ಕಡತವ್ಯವಸ್ಥೆಯೊಳಗಿನ 'ಇಂಟರಪ್ಟ್ಸ್' ಎಂಬ ಪಟ್ಟಿಯು ಯಾವ ಸಾಲಿನಿಂದ ಎಷ್ಟು ಸೂಚನೆಗಳು ಬಂದವೆಂಬುದನ್ನು ತಿಳಿಸುತ್ತದೆ. ಆದರೆ ಆ ಅಂಕಿಗಳು ಯಂತ್ರ ಹೊತ್ತಿದಂದಿನಿಂದ ಕೂಡುತ್ತ ಬಂದವು. ಸೆಕೆಂಡಿಗೆ 250 ಸಲ ಮಿಡಿಯುವ ಗಡಿಯಾರವು ಬಿಡುವಿಲ್ಲದೆ ದುಡಿಯುವ ಒಂದೇ ಪ್ರೊಸೆಸರಿನಲ್ಲಿ ದಿನಕ್ಕೆ 2,16,00,000 ಇಂಟರಪ್ಟುಗಳನ್ನು ಬರೆಯಿಸುತ್ತದೆ. ದುರಸ್ತಿಯವರ ಕಣ್ಣಿಗೆ ಬಿದ್ದುದು ಈ ಗಡಿಯಾರದ ಸಾಲೇ. ನೂರು ವರ್ಷಗಳ ಕಂದಾಯವನ್ನು ಒಟ್ಟುಗೂಡಿಸಿ ಒಂದು ಬರಗಾಲದ ವಸೂಲಿಯೆಂದು ತೋರಿಸಿದರೆ ಯಾವ ಇತಿಹಾಸಕಾರನು ಒಪ್ಪಿಯಾನು? ಹತ್ತು ಸೆಕೆಂಡುಗಳ ಅಂತರದಲ್ಲಿ ಪಟ್ಟಿಯನ್ನು ಎರಡು ಸಲ ತೆಗೆದು, ಒಂದರಿಂದ ಇನ್ನೊಂದನ್ನು ಕಳೆಯಬೇಕು. ಅದೂ ತೊದಲು ಕಾಣುತ್ತಿರುವಾಗಲೇ. 'ವಿಎಂಸ್ಟ್ಯಾಟ್' ಆಜ್ಞೆಯ ಮೊದಲ ಸಾಲನ್ನು ನಂಬುವವರೂ ಇದೇ ತಪ್ಪಿಗೆ ಬೀಳುತ್ತಾರೆ. ಅದು ಯಂತ್ರ ಹೊತ್ತಿದಂದಿನಿಂದ ತೆಗೆದ ಸರಾಸರಿ. ಈ ಕ್ಷಣದ ಸಾಕ್ಷಿಯಲ್ಲ.

ಹೀಗೆ ಕಳೆದು ನೋಡಿದಾಗ ಅತಿಯಾಗಿ ಏರುತ್ತಿದ್ದ ಸಾಲು ಒಂದೂ ಸಿಕ್ಕಲಿಲ್ಲ. ಸಿಕ್ಕಿದುದು ನಿಂತುಹೋದ ಸಾಲು. ಮೌಸು, ಸ್ಕ್ಯಾನರು ಎರಡೂ ಸೇರಿದ್ದ ಯುಎಸ್‌ಬಿ ನಿಯಂತ್ರಕದ 16ನೆಯ ಸಾಲು, ಸ್ಕ್ಯಾನರು ನಡೆಯುತ್ತಿದ್ದಾಗಲೂ ಒಂದಂಕಿಯಷ್ಟೂ ಕದಲಲಿಲ್ಲ. ಮೌನವೂ ಒಂದು ಸಾಕ್ಷ್ಯವೆಂಬುದು ನಮಗೆ ಶಾಸನಗಳಿಂದ ಪರಿಚಿತವೇ ಆಗಿದೆ. ಆದರೆ ಬೇರೊಂದು ಆಧಾರದ ಬೆಂಬಲವಿಲ್ಲದೆ ಮೌನವನ್ನು ಓದುವುದು ಅಪಾಯಕರ. ಆ ಬೆಂಬಲವು ಕರ್ನೆಲಿನ ದಿನಚರಿಯಲ್ಲಿ ದೊರೆಯಿತು: 16ನೆಯ ಇಂಟರಪ್ಟನ್ನು ಯಾರೂ ವಿಚಾರಿಸಲಿಲ್ಲ, ಅದನ್ನು ಮುಚ್ಚಲಾಗಿದೆ ಎಂಬ ಒಕ್ಕಣೆ. ಒಂದು ಸಾಲಿನ 1,00,000 ಇಂಟರಪ್ಟುಗಳಲ್ಲಿ 99,900ಕ್ಕೂ ಹೆಚ್ಚನ್ನು ಯಾವ ಚಾಲಕವೂ ತನ್ನದೆನ್ನದಿದ್ದರೆ ಕರ್ನೆಲು ಆ ಸಾಲನ್ನು ಮುಚ್ಚಿ, ಬಳಿಕ ಸೆಕೆಂಡಿಗೆ ಹತ್ತು ಸಲ ಮಾತ್ರ ತಾನೇ ಹೋಗಿ ವಿಚಾರಿಸುತ್ತದೆ. ಬಾಣದ ಜಿಗಿತಕ್ಕೆ ಇದಕ್ಕಿಂತ ಸ್ಪಷ್ಟವಾದ ಕಾರಣ ಬೇಕಿಲ್ಲ. ಹೊರೆ ಇದ್ದುದು ನಿಜ, ಆದರೆ ಅದು ಮುಗಿದುಹೋದ ಘಟನೆ. ತೊದಲು ಅದರ ಉತ್ತರಕಾಲೀನ ಪರಿಣಾಮ. ಯಂತ್ರವನ್ನು ಆರಿಸಿ ಹೊತ್ತಿಸಿದರೆ ಕೆಲಹೊತ್ತು ಸರಿಹೋಗುತ್ತಿದ್ದುದೂ ಈಗ ಅರ್ಥವಾಗುತ್ತದೆ. ಆದರೆ ಹಾಗೆ ಮಾಡಿದಾಗಲೆಲ್ಲ ಪಟ್ಟಿಯ ಅಂಕಿಗಳನ್ನು ನಾವೇ ಅಳಿಸುತ್ತಿದ್ದೆವು.

ನಿಜವಾದ ಅತಿಹೊರೆ ಎಂಬುದೇ ಇಲ್ಲವೆಂದು ಇದರಿಂದ ತಿಳಿಯಬಾರದು. ಮೊಗಲ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಓದಿದ ಕೆ. ಕೆ. ರಾಮಕೃಷ್ಣನ್ ಅವರು 1996ರಲ್ಲಿ ತೋರಿಸಿಕೊಟ್ಟಂತೆ, ಜಾಲದಿಂದ ಬರುವ ಇಂಟರಪ್ಟುಗಳಿಗೆ ಓಗೊಡುವುದರಲ್ಲಿಯೇ ಯಂತ್ರವು ತನ್ನ ಕಾಲವನ್ನೆಲ್ಲ ಕಳೆದು, ಉಪಯುಕ್ತವಾದುದನ್ನು ಏನೂ ಮಾಡದಿರುವುದು ಸಾಧ್ಯ. ನಮ್ಮದು ಆ ಪ್ರಕರಣವಾಗಿರಲಿಲ್ಲ.

ಕರ್ನೆಲಿನ ಒಕ್ಕಣೆಯು 'ಐಆರ್‌ಕ್ಯು-ಪೋಲ್' ಎಂಬ ಆಯ್ಕೆಯನ್ನು ಸೂಚಿಸುತ್ತದೆ: ಒಡೆಯನಿಲ್ಲದ ಇಂಟರಪ್ಟು ಬಂದಾಗಲೂ ಗಡಿಯಾರದ ಮಿಡಿತಗಳಲ್ಲಿಯೂ ಎಲ್ಲ ಚಾಲಕಗಳನ್ನು ವಿಚಾರಿಸುವ ಕ್ರಮ. ಈ ಸಲಹೆಯನ್ನು ನಾನು ಒಪ್ಪಲಾರೆ. ಕೆಟ್ಟ ಯಂತ್ರವನ್ನು ಅದು ಓಡಿಸೀತು, ಅಪರಾಧಿಯನ್ನು ಹೆಸರಿಸದು. 16ನೆಯ ಸಾಲನ್ನೇ ಹಂಚಿಕೊಂಡಿದ್ದ, ಉಪಯೋಗದಲ್ಲಿಲ್ಲದ ಒಂದು ಹಳೆಯ ಕಾರ್ಡನ್ನು ಕಿತ್ತುಹಾಕಿದೆವು. ಅಂಕಿ ಏರತೊಡಗಿತು, ಒಕ್ಕಣೆ ಮರಳಿ ಬರಲಿಲ್ಲ. ದೋಷ ಕಾರ್ಡಿನದೋ ಅದು ಕುಳಿತಿದ್ದ ಜಾಗದ್ದೋ ಎಂಬುದು ಇಷ್ಟರಿಂದ ಸಿದ್ಧವಾಗುವುದಿಲ್ಲ. ಕಾರ್ಡನ್ನು ಬೇರೆ ಜಾಗದಲ್ಲಿಟ್ಟು ನೋಡುವ ಪರೀಕ್ಷೆಯನ್ನು ಗಂಟಿನ ಉಳಿದ ಪತ್ರಗಳು ಮುಗಿಯುವವರೆಗೆ ಮುಂದೂಡಿದ್ದೇವೆ.