ಕುಡುಕನಿಗೆ ಬೆಳಿಗ್ಗೆ ಆಗೋದು ಯಾವಾಗ?

ಹೋದ ತಿಂಗಳು ಕಥಾಸ್ಪರ್ಧೆಯೊಂದಕ್ಕೆ ಬಂದ ಕಥೆಗಳನ್ನು ಓದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕುಡುಕರಿಗೇನೂ ಬರವಿರಲಿಲ್ಲ. ಎಲ್ಲರೂ ಸಂಜೆಗತ್ತಲಲ್ಲಿ ತೂರಾಡುತ್ತಾ ಬರ್ತಾರೆ, ಬಾಗಿಲು ಒದೀತಾರೆ, ಹೆಂಡತಿಗೆ ಹೊಡೀತಾರೆ, ಬಿದ್ದುಕೊಳ್ತಾರೆ. ಒಬ್ಬಾತ 2015ರಲ್ಲಿ ನಡೆಯುವ ಕಥೆಯಲ್ಲಿ ಪಾಕೀಟು ಸಾರಾಯಿ ಕುಡೀತಾನೆ. ಸಾರಾಯಿ ನಮ್ಮಲ್ಲಿ 2007ರಲ್ಲೇ ಬಂದ್ ಆಯ್ತಲ್ಲ ಸ್ವಾಮಿ! ಇರಲಿ, ಅದು ತಿದ್ದಬಹುದಾದ ತಪ್ಪು. ನನಗೆ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ಈ ಯಾವ ಕಥೆಯಲ್ಲೂ ಕುಡುಕನಿಗೆ ಬೆಳಗಾಗೋದೇ ಇಲ್ಲ.

ನಾವು ಬರೆಯೋದು ಅಮಲನ್ನ, ಚಟವನ್ನಲ್ಲ. ಅಮಲು ಎಲ್ಲರಿಗೂ ಕಾಣುತ್ತೆ, ಬೀದಿಗೆ ಬಂದು ಕೂಗಾಡುತ್ತೆ. ಚಟ ಇರೋದು ಬೆಳಿಗ್ಗೆ ಏಳು ಗಂಟೆಗೆ, ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳೋದರಲ್ಲಿ. ಜೇಬಲ್ಲಿ ಎಷ್ಟಿದೆ, ಅಂಗಡಿ ಎಷ್ಟು ಹೊತ್ತಿಗೆ ತೆಗೀತಾನೆ, ಹೋದ ವಾರ ಯಾರಿಗೆ ಯಾವ ಸುಳ್ಳು ಹೇಳಿದ್ದೆ ಅನ್ನೋ ಲೆಕ್ಕದಲ್ಲಿ. ವರ್ಷಗಟ್ಟಲೆ ಕುಡಿದ ದೇಹಕ್ಕೆ ಮದ್ಯ ಸಿಗದಿದ್ದರೆ ಕೆಲವೇ ಗಂಟೆಗಳಲ್ಲಿ ಕೈ ನಡುಗೋಕೆ ಶುರುವಾಗುತ್ತೆ. ಆಗ ಹಾಕೋ ನೈಂಟಿ ಮಜಾಕ್ಕಲ್ಲ, ಸಹಿ ಹಾಕುವಾಗ ಪೆನ್ನು ನಿಲ್ಲಲಿ ಅಂತ. ಅಂದರೆ ಈ ಮನುಷ್ಯ ಕುಡಿದಾಗಲೇ ಸರಿಯಾಗಿ ಕಾಣೋದು. ಇದೊಂದು ಗೊತ್ತಾದರೆ ಅರ್ಧಕ್ಕರ್ಧ ಕಥೆಗಳನ್ನು ತಿರುಗಿ ಬರೀಬೇಕಾಗುತ್ತೆ.

ಚಾರ್ಲ್ಸ್ ಜಾಕ್ಸನ್ 1944ರಲ್ಲಿ ಬರೆದ 'ದಿ ಲಾಸ್ಟ್ ವೀಕೆಂಡ್' ಕಾದಂಬರಿಯಲ್ಲಿ ಡಾನ್ ಬರ್ನಮ್ ಅನ್ನೋ ಬರಹಗಾರ ಕುಡಿತದ ಕಾಸಿಗಾಗಿ ತನ್ನ ಟೈಪ್‌ರೈಟರನ್ನೇ ಗಿರವಿ ಇಡೋಕೆ ಹೊರಡ್ತಾನೆ. ಅವತ್ತು ಯಹೂದಿಗಳ ಹಬ್ಬ, ಗಿರವಿ ಅಂಗಡಿಗಳೆಲ್ಲ ಮುಚ್ಚಿವೆ. ಆ ಭಾರ ಹೊತ್ತುಕೊಂಡು ನ್ಯೂಯಾರ್ಕಿನ ಬೀದಿಯುದ್ದಕ್ಕೂ ನಡೀತಾನೆ, ನಡೀತಾನೆ. ಅವನು ತೂರಾಡ್ತಿದ್ದಾನಾ ಇಲ್ವಾ ಅನ್ನೋದು ಅಲ್ಲಿ ಮುಖ್ಯವೇ ಅಲ್ಲ.

ಆದರೆ ಈ ವಿದ್ಯೆಯ ದೊಡ್ಡ ಮೇಷ್ಟ್ರು ಜೋಲಾ. 1877ರ 'ಲಾಸೊಮ್ವಾರ್'ನಲ್ಲಿ ಕೂಪೋ ಅನ್ನೋ ಸೂರು ಹೊದಿಸುವ ಕೆಲಸಗಾರ ಬರ್ತಾನೆ. ಅವನಪ್ಪನದೂ ಅದೇ ಕೆಲಸ. ಕುಡಿದು ಮೇಲಿಂದ ಬಿದ್ದು ಸತ್ತವನು. ಹಾಗಾಗಿ ಮಗ ಹೆಂಡದ ಸಹವಾಸವೇ ಬೇಡ ಅಂದುಕೊಂಡು ಬದುಕ್ತಾನೆ. ಒಂದು ದಿನ, ಹನಿಯೂ ಕುಡಿಯದೆ, ಪುಟ್ಟ ಮಗಳು ಕೆಳಗಿಂದ ಕೂಗಿದ್ದಕ್ಕೆ ಬಗ್ಗಿ ನೋಡಲು ಹೋಗಿ ಇವನೂ ಬೀಳ್ತಾನೆ! ಸಾಯಲ್ಲ. ಹೆಂಡತಿ ಜೆರ್ವೇಸ್ ಆಸ್ಪತ್ರೆಗೆ ಕಳಿಸದೆ, ಕೂಡಿಟ್ಟ ದುಡ್ಡೆಲ್ಲ ಸುರಿದು, ಮನೆಯಲ್ಲೇ ಆರೈಕೆ ಮಾಡ್ತಾಳೆ. ಕಾಲು ಕೂಡಿಕೊಳ್ಳುತ್ತೆ, ಸೂರು ಹತ್ತುವ ಧೈರ್ಯ ಮಾತ್ರ ತಿರುಗಿ ಬರಲ್ಲ. ಸುಮ್ಮನೆ ಕೂತು ಉಣ್ಣೋದು ರೂಢಿಯಾಗುತ್ತೆ. ಆಮೇಲೆ ಗೆಳೆಯರ ಜತೆ ಒಂದು ಗ್ಲಾಸು ವೈನು. ಆಮೇಲೆ ಗಡಂಗಿನ ಬ್ರಾಂದಿ. ಇವನು ಕುಡುಕನಾದದ್ದು ಯಾವ ಪುಟದಲ್ಲಿ ಅಂತ ನಾನು ಎರಡು ಸಲ ಹುಡುಕಿದೆ, ಸಿಗಲಿಲ್ಲ. ಮನೆಯವರನ್ನ ಕೇಳಿ, ಅವರಿಗೂ ತಾರೀಖು ಗೊತ್ತಿರಲ್ಲ.

ನಮಗೋ, ಕಾರಣ ಬೇಕು. ಇದು ದೇವದಾಸ ಬಿಟ್ಟುಹೋದ ಆಸ್ತಿ: ಹುಡುಗಿ ಸಿಗಲಿಲ್ಲ, ಬಾಟಲಿ ಹಿಡಿದ. ಪಾತ್ರ ಹಾಗೆ ಹೇಳಿಕೊಳ್ಳಲಿ, ಬೇಡ ಅಂದವರ್ಯಾರು? ಎಲ್ಲ ಕುಡುಕರ ಹತ್ತಿರವೂ ಒಂದು ಕಾರಣ ಇರುತ್ತೆ. ಆದರೆ ಬರೆಯುವವನೂ ಅದನ್ನ ನಂಬಿಬಿಟ್ಟರೆ ಹೇಗೆ? 'ಅಪರಾಧ ಮತ್ತು ಶಿಕ್ಷೆ'ಯ ಮಾರ್ಮೆಲಾದೋವ್‌ನನ್ನು ನೋಡಿ. ಹೆಂಡತಿಯ ಕಾಲುಚೀಲವನ್ನೂ ಮಾರಿ ಕುಡಿದವನು. ಕಳಕೊಂಡ ಕೆಲಸ ತಿರುಗಿ ಸಿಕ್ಕ ಮೇಲೆ ಅವಳ ಪೆಟ್ಟಿಗೆಯಿಂದ ಸಂಬಳದ ದುಡ್ಡು ಕದ್ದು ಓಡಿ ಬಂದವನು. ಗುರುತಿಲ್ಲದವನ ಮುಂದೆ ಕೂತು ಇದನ್ನೆಲ್ಲ ಎಷ್ಟು ಸೊಗಸಾಗಿ ಹೇಳ್ತಾನೆ ಅಂದರೆ, ಅವನು ತನ್ನ ಪಶ್ಚಾತ್ತಾಪವನ್ನೂ ಚಪ್ಪರಿಸ್ತಿದ್ದಾನೆ ಅಂತ ಓದುವವನಿಗೆ ನಿಧಾನಕ್ಕೆ ಹೊಳೆಯುತ್ತೆ. ದಾಸ್ತೊಯೆವ್‌ಸ್ಕಿಗೆ ಅವನ ಮೇಲೆ ಕರುಣೆಯೂ ಇದೆ, ಅನುಮಾನವೂ ಇದೆ.

ಹಾಗಾದ್ರೆ ಕುಡಿದವರೇ ಬರೀಬೇಕಾ ಅಂತ ಕೇಳಬೇಡಿ. ಕುಡಿಯದ ರಾಜರತ್ನಂ ರತ್ನನನ್ನು ಬರೆಯಲಿಲ್ಲವೇ? ರತ್ನನ ಕಥೆ ಬೇರೆ ಬಿಡಿ. ಅವನು ಚಟದ ರೋಗಿಯಲ್ಲ, ಹೆಂಡ ಅವನ ನಾಲಿಗೆಗೆ ಸಿಕ್ಕ ಬಿಡುಗಡೆ. ಆದರೂ ಆ ಕಿವಿ ಇತ್ತಲ್ಲ, ಅದು ಬೇಕು.

ನನಗೆ ಆ ಕಿವಿ ಇರಲಿಲ್ಲ. ಹದಿನೈದು ವರ್ಷದ ಹಿಂದೆ, ತೀರಿಹೋದ ಚಿಕ್ಕಪ್ಪನ ಮೇಲೆ ಒಂದು ಕಥೆ ಬರೆದೆ. ಬೀದಿಯಲ್ಲಿ ಬೀಳಿಸಿದೆ, ಮೋರಿ ಪಕ್ಕ ಮಲಗಿಸಿದೆ. ಬಹುಮಾನವೂ ಬಂತು. ಚಿಕ್ಕಮ್ಮ ಓದಿ, ಪತ್ರಿಕೆ ಮಡಚಿ ಇಟ್ಟು, "ಅವ್ರು ಒಂದಿನಾನೂ ತೂರಾಡಿದೋರಲ್ಲ ಕಣೋ," ಅಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು: "ಬಾಟ್ಲಿ ಅಟ್ಟದ್ ಮೇಲೆ ಹಳೇ ಕೊಡದೊಳಗೆ ಇಡ್ತಿದ್ರು. ನಂಗೊತ್ತಿತ್ತು. ಹಬ್ಬಕ್ಕೆ ಅಟ್ಟ ಗುಡಿಸ್ದಾಗ ತೆಗ್ದು, ಧೂಳು ಒರ್ಸಿ, ಮತ್ತೆ ಅಲ್ಲೇ ಇಡ್ತಿದ್ದೆ. ಇಲ್ದಿದ್ರೆ ರಾತ್ರಿಯೆಲ್ಲ ಹುಡುಕೋರು, ಮಕ್ಳಿಗೆ ಎಚ್ಚರ ಆಗೋದು. ನೀನು ಅದನ್ನ ಬರೀಲಿಲ್ವಲ್ಲ."

ಕಥೆ ನನ್ನ ಮೊದಲ ಸಂಕಲನದಲ್ಲಿ ಇನ್ನೂ ಹಾಗೇ ಇದೆ. ಚಿಕ್ಕಮ್ಮನಿಗೆ ಪುಸ್ತಕದ ಪ್ರತಿ ಕೊಟ್ಟಿಲ್ಲ.