ಬೆತ್ತಕ್ಕಿಂತ ಮುಂಚೆ ಬರುವ ಮಾತು

ಮಕ್ಕಳನ್ನು ಬೆಳೆಸುವ ಬಗ್ಗೆ ಬೈಬಲ್ ಏನೆನ್ನುತ್ತದೆ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಬೆತ್ತ. ‘ದಂಡಂ ದಶಗುಣಂ’ ಕೇಳಿಕೊಂಡೇ ದೊಡ್ಡವರಾದ ನಮಗೆ ಅದು ಬೇಗ ಒಗ್ಗಿಯೂ ಬಿಡುತ್ತದೆ. ಆದರೆ ಜ್ಞಾನೋಕ್ತಿಗಳ ಪುಸ್ತಕವನ್ನು ಮೊದಲಿನಿಂದ ಓದಿದರೆ, ಮಗನಿಗೆ ಬೆತ್ತ ಬೇಕೆಂಬ ಮಾತು ಬರುವುದು 13ನೆಯ ಅಧ್ಯಾಯದ ಕೊನೆಗೆ.

ಅಷ್ಟರೊಳಗೆ ಒಂಬತ್ತು ಅಧ್ಯಾಯಗಳಷ್ಟು ಮಾತು ಆಗಿಹೋಗಿರುತ್ತದೆ. ಅಪ್ಪ ಹೇಳುತ್ತಾನೆ, ಅಮ್ಮನ ಬೋಧನೆಯನ್ನೂ ಬಿಡಬೇಡ ಎನ್ನುತ್ತಾನೆ. ತಾನೂ ಒಂದು ಕಾಲಕ್ಕೆ ತನ್ನಪ್ಪನ ಮುಂದೆ ಕೂತು ಕೇಳಿದ ಎಳೆಯನೇ ಎಂದು 4ನೆಯ ಅಧ್ಯಾಯದಲ್ಲಿ ನೆನೆಯುತ್ತಾನೆ. 7ನೆಯ ಅಧ್ಯಾಯವಂತೂ ಒಂದು ಸಣ್ಣ ಕತೆ. ಮುಸ್ಸಂಜೆ, ಬುದ್ಧಿ ಬಲಿಯದ ಹುಡುಗನೊಬ್ಬ ಪರಸ್ತ್ರೀಯ ಮನೆಯತ್ತ ನಡೆಯುವುದು ಕಿಟಕಿಯಿಂದ ಕಾಣುತ್ತದೆ. ಹಾಸಿಗೆಗೆ ರಕ್ತಬೋಳ, ಅಗರು, ಚಕ್ಕೆಯ ಪರಿಮಳ ಹಾಕಿದ್ದೇನೆ, ಗಂಡ ಹಣದ ಗಂಟಿನೊಂದಿಗೆ ದೂರ ಹೋಗಿದ್ದಾನೆ ಎನ್ನುತ್ತಾಳೆ ಅವಳು. ಮೋಹದ ಸೆಳೆತವನ್ನು ಮುಚ್ಚಿಡದೆ ಮಗನೆದುರು ಬಿಚ್ಚಿಡುವ ಈ ಧೈರ್ಯದ ಮುಂದೆ ಬೆತ್ತದ ವಚನಗಳು ನನಗೆ ಸಪ್ಪೆ. (ಎಷ್ಟು ಮನೆಗಳಲ್ಲಿ ಇಂದಿಗೂ ಅಪ್ಪ ಮಗನ ಹತ್ತಿರ ಇಂಥದ್ದನ್ನು ಮಾತಾಡುತ್ತಾನೆ?)

ಕೊರತೆ ಬೇರೆ ಕಡೆ ಇದೆ. ಮಗ ಒಮ್ಮೆಯೂ ಬಾಯಿ ಬಿಡುವುದಿಲ್ಲ. 5ನೆಯ ಅಧ್ಯಾಯದಲ್ಲಿ ಅವನ ಪಶ್ಚಾತ್ತಾಪದ ನುಡಿಗಳಿವೆ, ನಿಜ. ಅವನ್ನೂ ಅಪ್ಪನೇ ಮುಂದಾಗಿ ಊಹಿಸಿ ಅವನ ಬಾಯಿಗೆ ಹಾಕಿದ್ದಾನೆ. ಮಗಳಂತೂ ಲೆಕ್ಕಕ್ಕೇ ಇಲ್ಲ.

ಕೇಳುವವರಿಲ್ಲದ ಹೇಳಿಕೆಯ ಫಲವನ್ನು ಬೈಬಲೇ ತೋರಿಸಿದೆ. ಪರಂಪರೆ ಜ್ಞಾನೋಕ್ತಿಗಳ ಪುಸ್ತಕವನ್ನು ಅರಸ ಸೊಲೊಮೋನನ ಹೆಸರಿಗೆ ಕಟ್ಟಿದೆ. ಅವನ ಮಗ ರೆಹಬ್ಬಾಮನ ಮುಂದೆ ಜನ ನಿಂತು, ನಮ್ಮ ನೊಗ ಹಗುರ ಮಾಡೆಂದು ಬೇಡಿದಾಗ, ಅವನು ಹಿರಿಯರನ್ನು ಬದಿಗೊತ್ತಿ ಓರಗೆಯ ಗೆಳೆಯರ ಮಾತು ಹಿಡಿದ. ಅಪ್ಪನದು ಚಾವಟಿಯಾದರೆ ತನ್ನದು ಚೇಳು ಎಂದ. ರಾಜ್ಯ ಒಡೆಯಿತು. ಇನ್ನು ಸೊಲೊಮೋನನ ಅಪ್ಪ ದಾವೀದ: ಗದ್ದುಗೆಗೆ ಕೈಹಾಕಿದ ಮಗ ಅದೋನೀಯನ ವಿಷಯದಲ್ಲಿ ಅರಸುಗಳ ಪುಸ್ತಕ ದಾವೀದನ ಮೇಲೆ ಹೊರಿಸುವ ತಪ್ಪು, ಹೊಡೆಯಲಿಲ್ಲ ಎಂಬುದಲ್ಲ. ಹೀಗೇಕೆ ಮಾಡಿದೆ ಎಂದು ಅವನನ್ನು ಯಾವತ್ತೂ ಕೇಳಲಿಲ್ಲ ಎಂಬುದು.

ಬೆತ್ತದ ವಚನವನ್ನು ಬಾಯಿಪಾಠ ಮಾಡಿಸುವ ಬೋಧಕರು ಈ ಸಾಲನ್ನು ದಾಟಿ ಹೋಗುವುದೇ ಹೆಚ್ಚು. ಮಕ್ಕಳನ್ನು ಕೆಣಕಿ ಎದೆಗುಂದಿಸಬೇಡಿ ಎಂದು ಕೊಲೊಸ್ಸೆಯ ಪತ್ರಿಕೆ ತಂದೆಯರಿಗೆ ಹಾಕಿದ ಕಟ್ಟಳೆಗೂ ಅವರ ಬೋಧನೆಯಲ್ಲಿ ಅದೇ ಗತಿ.