ಕೊಡುವವಳ ಹೆಸರು

ಮಂಜುಳಾ ಪದ್ಮನಾಭನ್ ಅವರ ‘ಹಾರ್ವೆಸ್ಟ್’ ಇಂಗ್ಲಿಷಿನಲ್ಲಿ ಬರೆದ ನಾಟಕ. 1997ರಲ್ಲಿ ಗ್ರೀಸ್ ದೇಶದ ಒನಾಸಿಸ್ ಬಹುಮಾನ ಬಂದ ಮೇಲೆ ಬಹಳ ಮಂದಿಯ ಗಮನಕ್ಕೆ ಬಂತು. ಮುಂಬಯಿಯ ಒಂದೇ ಕೋಣೆಯ ಮನೆ. ಕೆಲಸ ಕಳೆದುಕೊಂಡ ಓಂ, ಅವನ ಹೆಂಡತಿ ಜಯಾ, ತಾಯಿ, ತಮ್ಮ ಜೀತು. ಸಾಯದೆ ಬದುಕಬೇಕೆಂಬ ಆಸೆಯ ಶ್ರೀಮಂತ ಗಿರಾಕಿಯೊಬ್ಬರಿಗೆ ತನ್ನ ಅಂಗಾಂಗಗಳನ್ನು ಕೊಡುವುದಾಗಿ ಓಂ ಒಂದು ಕಂಪನಿಗೆ ಸಹಿ ಹಾಕಿ ಬರುತ್ತಾನೆ. ಅಂದಿನಿಂದ ಮನೆಗೆ ಬೇಕಾದ್ದು ಬೇಡವಾದ್ದು ಎಲ್ಲ ಬರುತ್ತದೆ. ಅತ್ತೆಯಂತೂ ಟೀವಿ ಬಿಟ್ಟು ಕದಲುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಸಂಪತ್ತಲ್ಲ, ಅದಕ್ಕಾಗಿ ಹೇಳಿದ ಒಂದು ಸುಳ್ಳು. ಕಂಪನಿಗೆ ಬೇಕಾದವನು ಮದುವೆಯಾಗದವನು. ಆದ್ದರಿಂದ ಜಯಾ ತಂಗಿಯೆಂದು ಹೇಳಿಕೊಂಡು ತನ್ನ ಮನೆಯಲ್ಲೇ ಓಡಾಡಬೇಕು. ಗಂಡನ ದೇಹ ಮಾರಾಟವಾಗುವುದಕ್ಕೆ ಮುಂಚೆ ಹೆಂಡತಿಯ ಹೆಸರು ಹೋಗುತ್ತದೆ. ಇಷ್ಟು ಚಿಕ್ಕ ವಿವರದಿಂದ ಇಷ್ಟು ದೊಡ್ಡ ಮಾತನ್ನು ಹೇಳಿಸಿದ್ದು ಲೇಖಕಿಯ ಶಕ್ತಿ.

ಆದರೂ ಒಂದು ತಕರಾರಿದೆ. ಈ ನಾಟಕದಲ್ಲಿ ಕೊಳ್ಳುವವರು ದೂರದಲ್ಲಿದ್ದಾರೆ, ಯಂತ್ರವೊಂದರಲ್ಲಿ ಮುಖ ತೋರಿಸುತ್ತಾರೆ. ಬಡ ದೇಶ, ಶ್ರೀಮಂತ ದೇಶ ಎಂಬ ಲೆಕ್ಕ ಸುಳ್ಳಲ್ಲ. ಬಡತನಕ್ಕೆ ದೇಹ ಮಾರುವುದೂ ಸುಳ್ಳಲ್ಲ. ಚೆನ್ನೈಯಲ್ಲಿ ಕಿಡ್ನಿ ಮಾರಿದ 305 ಜನರನ್ನು ಮಾತಾಡಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ನೂರಕ್ಕೆ 96 ಮಂದಿ ಸಾಲ ತೀರಿಸಲು ಮಾರಿದ್ದರು. ಆಮೇಲೆ ಮನೆಯ ಆದಾಯ ಮೂರರಲ್ಲೊಂದು ಪಾಲು ಇಳಿದಿತ್ತು. ಮಾರಿದವರಲ್ಲಿ ಹೆಚ್ಚಿನವರು ಹೆಂಗಸರು. ನಾಟಕದಲ್ಲಿ ಸಹಿ ಹಾಕುವವನು ಗಂಡ, ಬೇಡವೆನ್ನುವವಳು ಹೆಂಡತಿ. ನಮ್ಮಲ್ಲಿ ಸಾಮಾನ್ಯವಾಗಿ ಇದು ತಿರುಗುಮುರುಗು.

ಮಾರಾಟದ ಮಾತು ಬಿಡಿ, ಅದನ್ನು 1994ರ ಕಾಯ್ದೆಯೇ ಅಪರಾಧವೆಂದಿದೆ. ಆ ಕಾಯ್ದೆ ಹತ್ತಿರದ ಸಂಬಂಧಿಗಳು ಕೊಡುವುದಕ್ಕೆ ಬಾಗಿಲು ತೆರೆದಿಟ್ಟಿತು. ಹಣವಿಲ್ಲದ ಕಡೆ ಪ್ರೀತಿ ಇರುತ್ತದೆ ಎಂಬ ನಂಬಿಕೆ ಅದರದು. ಒಳ್ಳೆಯ ನಂಬಿಕೆಯೇ. ಆದರೆ ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆಯ ಅಂಕಿಗಳನ್ನು ನೋಡಿ: 1995ರಿಂದ 2021ರವರೆಗೆ ನಡೆದ 36,640 ಕಸಿಗಳಲ್ಲಿ ಹೆಂಗಸರಿಗೆ ಸಿಕ್ಕಿದ್ದು 6,945. ಉಳಿದದ್ದು ಗಂಡಸರಿಗೆ. ಬದುಕಿದ್ದು ಕೊಟ್ಟವರಲ್ಲಾದರೋ ಐವರಲ್ಲಿ ನಾಲ್ವರು ಹೆಂಗಸರು. ಗಂಡಸರಿಗೆ ಕಾಯಿಲೆ ಹೆಚ್ಚಿರಬಹುದು, ದುಡಿಯುವವನು ಉಳಿಯಲಿ ಎಂಬ ಲೆಕ್ಕವಿರಬಹುದು. ಒಪ್ಪಿದರೂ, ಕೊಡುವವರ ಸಾಲಿನಲ್ಲಿ ಅಣ್ಣತಮ್ಮಂದಿರು, ಗಂಡಂದಿರು ಇಷ್ಟು ಕಡಿಮೆ ಏಕೆ? ಸಂಪಾದನೆ ಮಾಡುವ ಹೆಂಡತಿಯರಿಲ್ಲವೇ? ನಮ್ಮ ಸ್ಟಾಫ್ ರೂಮಿನಲ್ಲಿ ಯಾರದೋ ಗಂಡನಿಗೆ ಕಿಡ್ನಿ ಬೇಕಂತೆ ಎಂಬ ಸುದ್ದಿ ಬಂದಾಗ ಮೊದಲು ಹೊರಟ ಮಾತು, “ಅವಳಿದ್ದಾಳಲ್ಲ!” ಹೇಳಿದವರೂ ಹೆಂಗಸರೇ.

ದಾನವೆಂದರೆ ನಮಗೆ ನೆನಪಾಗುವುದು ಶಿಬಿ, ದಧೀಚಿ, ಕರ್ಣ, ಬೇಡರ ಕಣ್ಣಪ್ಪ. ಅಂಗದಾನದ ಭಾಷಣಗಳಲ್ಲೂ ಇವರೇ. ಎಲ್ಲರೂ ಗಂಡಸರು, ಬೇಡವೆನ್ನಲು ಬಿಡುವಿದ್ದವರು, ಕೊಟ್ಟದ್ದಕ್ಕೆ ಹೆಸರು ಪಡೆದವರು. ಚಂಗಳೆಯನ್ನು ನೆನೆಯಿರಿ. ಜಂಗಮನ ಎಲೆಗೆ ಹೆತ್ತ ಮಗನನ್ನೇ ಅಡಿಗೆ ಮಾಡಿ ಬಡಿಸಬೇಕಾದವಳು ಅವಳು. ಭಕ್ತಿಯ ಕೀರ್ತಿ ಮಾತ್ರ ಸಿರಿಯಾಳನದು. ಕೈಹಿಡಿದವಳು ಕೊಟ್ಟರೆ ಅದು ದಾನವೆಂದೇ ನಮಗೆ ಅನ್ನಿಸುವುದಿಲ್ಲ, ಬೆಳಗಿನ ಕಾಫಿಯಂತೆ ಅದೂ ಅವಳ ಪಾಲಿನ ಕೆಲಸ. ಮನಸಾರೆ ಕೊಡುವ ಹೆಂಡತಿಯರಿಲ್ಲವೆಂದು ನಾನು ಹೇಳುತ್ತಿಲ್ಲ. ಅಂಥವರ ಪ್ರೀತಿಯನ್ನು ಶಂಕಿಸಲು ನಾನ್ಯಾರು? ಆದರೆ ‘ಇಲ್ಲ’ ಎನ್ನಲು ಸಾಧ್ಯವಿದ್ದಾಗ ತಾನೇ ‘ಹೂಂ’ ಎಂಬುದಕ್ಕೆ ಬೆಲೆ.

ಇಲ್ಲಿಗೆ ಬಂದಾಗ ನಾಟಕದ ಕೊನೆ ನನಗೆ ಮತ್ತೆ ದೊಡ್ಡದಾಗಿ ಕಂಡಿತು. ಆಳುಗಳು ಓಂನೆಂದು ತಪ್ಪು ತಿಳಿದು ಜೀತುವನ್ನು ಹಿಡಿದೊಯ್ಯುತ್ತಾರೆ, ಆಮೇಲೆ ಓಂ ತಾನಾಗಿಯೇ ಹೋಗುತ್ತಾನೆ. ಜೀತುವಿನ ದೇಹ ತೊಟ್ಟ ಗಿರಾಕಿ ಈಗ ಜಯಾಳ ಗರ್ಭವನ್ನು ಕೇಳುತ್ತಾನೆ, ಅದೂ ದೂರದಿಂದಲೇ. ಬೇಕಿದ್ದರೆ ನೀನೇ ಖುದ್ದಾಗಿ ಬಾ, ಕಷ್ಟ ನೀನೂ ಪಡು, ಇಲ್ಲವಾದರೆ ನನ್ನ ಜೀವವನ್ನು ನಾನೇ ತೆಗೆದುಕೊಳ್ಳುತ್ತೇನೆ ಎಂದು ಅವಳು ಬಾಗಿಲು ಹಾಕಿ ಕೂರುತ್ತಾಳೆ. ಬೇಡವೆನ್ನಲು ಒಬ್ಬ ಹೆಣ್ಣಿಗೆ ಸಾವನ್ನೇ ಅಡ್ಡ ಹಿಡಿಯಬೇಕಾಯಿತಲ್ಲ ಎಂಬುದೇ ನನಗೆ ಉಳಿದ ಸಂಕಟ.

ಸತ್ತವರಿಂದ ಸಾಕಷ್ಟು ಸಿಗುವಂತಿದ್ದರೆ ಬದುಕಿರುವವಳನ್ನು ಕೇಳುವ ಪ್ರಮೇಯ ಅಷ್ಟು ಬರುತ್ತಿರಲಿಲ್ಲ. 2021ರಲ್ಲಿ ನಟ ಸಂಚಾರಿ ವಿಜಯ್ ಅಪಘಾತದಲ್ಲಿ ಮಿದುಳು ನಿಷ್ಕ್ರಿಯರಾದಾಗ ಅವರ ಮನೆಯವರು ಅಂಗಾಂಗಗಳನ್ನು ಕೊಟ್ಟರು. ಅಂಥವರು ವಿರಳ. 2023ರಲ್ಲಿ ದೇಶದಲ್ಲಿ ನಡೆದ ಕಸಿಗಳು 18 ಸಾವಿರಕ್ಕೂ ಹೆಚ್ಚು, ಸತ್ತ ಮೇಲೆ ಕೊಟ್ಟವರು ಸುಮಾರು 1,100. ಮಿಕ್ಕ ಭಾರ ಬೀಳುವುದು ಬದುಕಿರುವವರ ಮೇಲೆ, ಎಂದರೆ ಹೆಚ್ಚಾಗಿ ನಮ್ಮ ಮೇಲೆ.

ಸರ್ಕಾರಕ್ಕೆ ಇದು ತಿಳಿಯದ್ದೇನಲ್ಲ. ಕೊಡುವವಳು ಹೆಣ್ಣಾದರೆ ಹೆಚ್ಚು ಎಚ್ಚರವಹಿಸಬೇಕು, ಅವಳ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವನಲ್ಲದೆ ಬೇರೊಬ್ಬರು ದೃಢಪಡಿಸಬೇಕು ಎಂದು 2014ರ ನಿಯಮಗಳಲ್ಲಿ ಬರೆದಿದೆ. ಅಕ್ಷರವನ್ನಷ್ಟೇ ಹಿಡಿದು ಓದಿದರೆ, ಆ ‘ಬೇರೊಬ್ಬರು’ ಅವಳ ಅತ್ತೆಯೂ ಆಗಬಹುದು.